123 ಒಪ್ಪಂದ ಯಾರನ್ನು, ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ?

2008ರ ಸೆಪ್ಟೆಂಬರ್ 10ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಭಾರತದೊಂದಿಗಿನ ಪರಮಾಣು ಸಹಕಾರ ಒಪ್ಪಂದವನ್ನು, ಅಂದರೆ 123 ಒಪ್ಪಂದವನ್ನು, ತಮ್ಮ ದೇಶದ ಸಂಸತ್ತಿನ ಅನುಮೋದನೆಗೆ ಕಳುಹಿಸಿದಾಗ, ಜೊತೆಗಿಟ್ಟ ಪತ್ರದಲ್ಲಿ ಒಂದು ವಿವರಣೆಯನ್ನೂ ಸೇರಿಸಿದ್ದರು. ಭಾರತದ ರಿಯಾಕ್ಟರುಗಳಿಗೆ ಇಂಧನ ಪೂರೈಕೆ ಕಡಿದುಹೋಗದಂತೆ ನೋಡಿಕೊಳ್ಳುವುದಾಗಿ 2006ರ ಮಾರ್ಚ್‌ನಲ್ಲಿ ಅಮೆರಿಕ ಕೊಟ್ಟ ಮಾತು ಒಪ್ಪಂದದ 5ನೇ ವಿಧಿಯಲ್ಲಿ ದಾಖಲಾಗಿದೆ. ಆದರೆ ಹಾಗೆ ದಾಖಲಾದ ಮಾತ್ರಕ್ಕೆ ಆ ರಾಜಕೀಯ ಭರವಸೆ ಕಾನೂನಿನ ಹೊಣೆಯಾಗಿ ಮಾರ್ಪಡುವುದಿಲ್ಲ, ಏಕೆಂದರೆ ಅಮೆರಿಕ ಮಾಡಿಕೊಂಡಿರುವ ಈ ಬಗೆಯ ಇತರ ಒಪ್ಪಂದಗಳಂತೆ ಇದೂ ಒಂದು ಚೌಕಟ್ಟು ಮಾತ್ರ ಎಂಬುದು ಆ ವಿವರಣೆಯ ತಿರುಳು. ಭಾರತದ ವಿದೇಶಾಂಗ ಸಚಿವಾಲಯ ಇದಕ್ಕೆ ಪ್ರತಿಕ್ರಿಯಿಸಿ, ತಾನು ನಡೆದುಕೊಳ್ಳುವುದು ಒಪ್ಪಂದದ ಪಠ್ಯಕ್ಕೆ ಅನುಗುಣವಾಗಿಯೇ ಹೊರತು ಬೇರೆ ಯಾವ ಪತ್ರಕ್ಕೂ ಅಲ್ಲ ಎಂದಿತು. ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಅದರ ಅರ್ಥದ ಬಗ್ಗೆ ಆಗಲೇ ಎರಡು ವ್ಯಾಖ್ಯಾನಗಳಿದ್ದವು.

ಆ ವರ್ಷ ನಮ್ಮಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತಿತು: ಈ ಒಪ್ಪಂದಕ್ಕೆ ದಾರಿ ಮಾಡಿಕೊಡಲು ಅಮೆರಿಕ 2006ರಲ್ಲಿ ಷರತ್ತುಗಳೊಂದಿಗೆ ಮಾಡಿದ ಹೈಡ್ ಕಾಯ್ದೆ ಭಾರತವನ್ನು ಕಟ್ಟಿಹಾಕುತ್ತದೆಯೇ, ಇಲ್ಲವೇ? ಸರ್ಕಾರ ಇಲ್ಲ ಎಂದಿತು, ಎಡಪಕ್ಷಗಳು ಮತ್ತು ಬಿಜೆಪಿ ಹೌದು ಎಂದವು. ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅನ್ಯದೇಶದ ಕಾಯ್ದೆ ಭಾರತವನ್ನು ಕಟ್ಟುವುದಿಲ್ಲ, ನಿಜ. ಆದರೆ ಅದು ಭಾರತಕ್ಕೆ ಸರಕು ಕೊಡಬೇಕಾದವರ ಕೈಯನ್ನು ಕಟ್ಟುತ್ತದೆ. ಕೊಡುವವರ ಕೈ ಕಟ್ಟಿದ್ದರೆ ಪಡೆಯುವವರಿಗೆ ಹಕ್ಕಿದ್ದೂ ಏನು ಪ್ರಯೋಜನ ಎಂಬುದು ಅಸಲಿ ಪ್ರಶ್ನೆ. ಈ ಒಪ್ಪಂದವನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರ ಹದಿನಾರು ಹದಿನೇಳು ವಿಧಿಗಳ ಜೊತೆಗೆ ಎರಡೂ ದೇಶಗಳ ಒಳಗಿನ ಕಾನೂನನ್ನೂ, ಅವೆರಡರ ಮೇಲಿನ ಅಂತರರಾಷ್ಟ್ರೀಯ ಕಾನೂನನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಮೊದಲು ಹೆಸರಿನ ಸಂಗತಿ. 123 ಎಂಬುದು ಒಪ್ಪಂದದ ಕ್ರಮಸಂಖ್ಯೆಯಲ್ಲ. ಅಮೆರಿಕದ 1954ರ ಪರಮಾಣು ಶಕ್ತಿ ಕಾಯ್ದೆಯ 123ನೇ ಸೆಕ್ಷನ್, ಇನ್ನೊಂದು ದೇಶಕ್ಕೆ ರಿಯಾಕ್ಟರ್, ಪರಮಾಣು ಇಂಧನ ಮುಂತಾದವನ್ನು ರಫ್ತು ಮಾಡಬೇಕಾದರೆ ಮೊದಲು ಆ ದೇಶದೊಡನೆ ಒಂದು ಸಹಕಾರ ಒಪ್ಪಂದವಿರಬೇಕು ಎಂದು ಕಡ್ಡಾಯ ಮಾಡುತ್ತದೆ. ಆ ಒಪ್ಪಂದದಲ್ಲಿ ಇರಲೇಬೇಕಾದ ಒಂಬತ್ತು ಷರತ್ತುಗಳನ್ನೂ ಪಟ್ಟಿ ಮಾಡುತ್ತದೆ. ಅಮೆರಿಕ ಯಾವ ದೇಶದೊಡನೆ ಈ ಬಗೆಯ ಒಪ್ಪಂದ ಮಾಡಿಕೊಂಡರೂ ಅದು 123 ಒಪ್ಪಂದವೇ. ಆದ್ದರಿಂದ ಇದರ ಮೊದಲ ಕಾನೂನಾತ್ಮಕ ಅರ್ಥ ಬಹಳ ಸರಳ: ಇದು ಖರೀದಿ ಕರಾರಲ್ಲ, ರಫ್ತಿಗೆ ಇದ್ದ ಅಡ್ಡಿಯನ್ನು ತೆಗೆಯುವ ಪತ್ರ. ಕೃಷಿ ಜಮೀನಿಗೆ ಭೂಪರಿವರ್ತನೆಯ ಆದೇಶ ಸಿಕ್ಕಿದಾಗ ಮನೆ ಕಟ್ಟುವುದಕ್ಕಿದ್ದ ತಡೆ ತೊಲಗುತ್ತದೆ, ಮನೆ ಕಟ್ಟಿಕೊಡುವ ಹೊಣೆಯನ್ನು ಜಿಲ್ಲಾಧಿಕಾರಿ ಹೊರುವುದಿಲ್ಲ; ಇದೂ ಹಾಗೆಯೇ. ಯುರೇನಿಯಂ ಎಷ್ಟು, ರಿಯಾಕ್ಟರ್ ಯಾವುದು, ಬೆಲೆ ಏನು ಎಂಬುದಕ್ಕೆಲ್ಲ ಬೇರೆ ಕರಾರುಗಳು ಬೇಕು, ಪ್ರತಿ ರಫ್ತಿಗೂ ಬೇರೆ ಪರವಾನಗಿ ಬೇಕು.

ಆ ಒಂಬತ್ತು ಷರತ್ತುಗಳಲ್ಲಿ ಒಂದು ಭಾರತಕ್ಕೆ ಒಗ್ಗುವಂತಿರಲಿಲ್ಲ. ಸಹಕಾರ ಪಡೆಯುವ ದೇಶ ಅಣ್ವಸ್ತ್ರ ರಾಷ್ಟ್ರವೆಂದು ಮಾನ್ಯತೆ ಪಡೆದಿರದಿದ್ದರೆ ತನ್ನ ಎಲ್ಲ ಪರಮಾಣು ಘಟಕಗಳನ್ನೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ, ಅಂದರೆ ಐಎಇಎಯ ಸುರಕ್ಷತಾ ನಿಗಾಕ್ಕೆ (ಪರಮಾಣು ವಸ್ತು ಅಸ್ತ್ರಗಳಿಗೆ ಹೋಗದಂತೆ ನಡೆಸುವ ತಪಾಸಣೆಗೆ) ಒಪ್ಪಿಸಬೇಕು ಎಂಬುದು ಆ ಷರತ್ತು. ಭಾರತ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆ ಒಪ್ಪಂದದ ಲೆಕ್ಕದಲ್ಲಿ 1967ರ ಜನವರಿ 1ಕ್ಕೆ ಮೊದಲು ಸ್ಫೋಟ ನಡೆಸಿದವರಷ್ಟೇ ಅಣ್ವಸ್ತ್ರ ರಾಷ್ಟ್ರಗಳು, ಭಾರತದ ಮೊದಲ ಪರೀಕ್ಷೆ 1974ರದು. ಹೀಗಾಗಿ 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ವಾಷಿಂಗ್ಟನ್‌ನಲ್ಲಿ ಜಂಟಿ ಹೇಳಿಕೆ ಹೊರಡಿಸಿದ ಮೇಲೂ, ಅಮೆರಿಕದ ಸಂಸತ್ತು ಭಾರತಕ್ಕೆ ಈ ಷರತ್ತಿನಿಂದ ವಿನಾಯಿತಿ ಕೊಡುವ ಕಾಯ್ದೆ ಮಾಡದೆ ಮುಂದಿನ ಹೆಜ್ಜೆ ಸಾಧ್ಯವಿರಲಿಲ್ಲ. 2006ರ ಡಿಸೆಂಬರ್ 18ರಂದು ಜಾರಿಗೆ ಬಂದ ಹೈಡ್ ಕಾಯ್ದೆ ಅದೇ. ಅದರ ಕೂಲಿಯಾಗಿ ಬಂದ ಷರತ್ತುಗಳೇ ಮುಂದಿನ ಎರಡು ವರ್ಷಗಳ ಜಗಳಕ್ಕೆ ಮೂಲವಾದವು.

ತಾರಾಪುರದ ನೆನಪು

ಭಾರತದ ಸಂಧಾನಕಾರರು ಇಂಧನದ ಭರವಸೆಗೆ ಅಷ್ಟೊಂದು ಪಟ್ಟು ಹಿಡಿದದ್ದೇಕೆ ಎಂದು ತಿಳಿಯಲು ತಾರಾಪುರಕ್ಕೆ ಹೋಗಬೇಕು. 1963ರಲ್ಲಿ ಭಾರತ ಮತ್ತು ಅಮೆರಿಕ ಮೂವತ್ತು ವರ್ಷಗಳ ಒಪ್ಪಂದವೊಂದನ್ನು ಮಾಡಿಕೊಂಡವು. ಮಹಾರಾಷ್ಟ್ರದ ಕರಾವಳಿಯ ತಾರಾಪುರದಲ್ಲಿ ಕಟ್ಟಲಿದ್ದ ಎರಡು ರಿಯಾಕ್ಟರುಗಳಿಗೆ ಬೇಕಾಗುವ ಸಮೃದ್ಧ (ವಿದಳನಕ್ಕೆ ಒಳಗಾಗುವ ಅಂಶವನ್ನು ಹೆಚ್ಚಿಸಿದ) ಯುರೇನಿಯಂ ಅನ್ನು ಅಮೆರಿಕ ಮಾರುವುದು, ಭಾರತ ಅಮೆರಿಕದಿಂದಷ್ಟೇ ಕೊಳ್ಳುವುದು ಎಂಬುದು ಅದರ ಮುಖ್ಯ ಅಂಶ. ಇದು ಚೌಕಟ್ಟಷ್ಟೇ ಆಗಿರಲಿಲ್ಲ, ಪೂರೈಕೆಯ ಸ್ಪಷ್ಟ ಮಾತಾಗಿತ್ತು. ರಿಯಾಕ್ಟರುಗಳು 1969ರಿಂದ ವಿದ್ಯುತ್ ಕೊಡತೊಡಗಿದವು.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸ್ಫೋಟ ನಡೆಯಿತು. 1978ರಲ್ಲಿ ಅಮೆರಿಕದ ಸಂಸತ್ತು ಅಣ್ವಸ್ತ್ರ ಪ್ರಸರಣ ತಡೆ ಕಾಯ್ದೆಯನ್ನು ಮಾಡಿ, ಎಲ್ಲ ಘಟಕಗಳನ್ನೂ ನಿಗಾಕ್ಕೆ ಒಪ್ಪಿಸದ ದೇಶಕ್ಕೆ ಪರಮಾಣು ರಫ್ತು ಕೂಡದು ಎಂದಿತು. ಮೊದಲೇ ಇದ್ದ ಒಪ್ಪಂದಗಳಿಗೂ ಅದು ಅನ್ವಯಿಸಿತು. 1963ರ ಒಪ್ಪಂದವನ್ನು 1978ರ ಏಕಪಕ್ಷೀಯ ಕಾಯ್ದೆಯಿಂದ ಬದಲಿಸಲು ಬರುವುದಿಲ್ಲ ಎಂಬುದು ಭಾರತದ ವಾದ. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮದೇ ದೇಶದ ಪರಮಾಣು ನಿಯಂತ್ರಣ ಆಯೋಗದ ನಿರಾಕರಣೆಯನ್ನು ಮೀರಿ 38 ಟನ್ ಇಂಧನ ಕಳುಹಿಸಲು ಹೊರಟಾಗ, ಸೆನೆಟ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 48ಕ್ಕೆ 46 ಮತಗಳ ಅಂತರದಲ್ಲಿ. ಮುಂದೆ ಅದೂ ಸಾಧ್ಯವಾಗಲಿಲ್ಲ. 1982ರಲ್ಲಿ ಇಂದಿರಾ ಗಾಂಧಿ ಮತ್ತು ರೊನಾಲ್ಡ್ ರೇಗನ್ ಮಧ್ಯದ ದಾರಿಯೊಂದನ್ನು ಒಪ್ಪಿಕೊಂಡರು: ಒಪ್ಪಂದ ಹಾಗೆಯೇ ಇರಲಿ, ಇಂಧನವನ್ನು ಫ್ರಾನ್ಸ್ ಕೊಡಲಿ. 1993ರಲ್ಲಿ ಅವಧಿ ಮುಗಿಯುವವರೆಗೂ ಒಪ್ಪಂದ ಕಾಗದದ ಮೇಲೆ ಉಳಿಯಿತು. ಬಳಸಿದ ಇಂಧನವನ್ನು ಮರುಸಂಸ್ಕರಿಸಲು, ಅಂದರೆ ಅದರಿಂದ ಮತ್ತೆ ಬಳಸಬಹುದಾದ ವಸ್ತುವನ್ನು ಬೇರ್ಪಡಿಸಲು, ಅಮೆರಿಕ ಒಪ್ಪಲಿಲ್ಲವಾದ್ದರಿಂದ ಅದು ತಾರಾಪುರದಲ್ಲೇ ರಾಶಿಬಿದ್ದಿತು.

ಕಾನೂನಿನ ದೃಷ್ಟಿಯಿಂದ ತಾರಾಪುರ ತೋರಿಸಿಕೊಟ್ಟದ್ದು ಏನೆಂದರೆ, ಒಂದು ದೇಶ ಅಂತರರಾಷ್ಟ್ರೀಯ ಹೊಣೆಯನ್ನು ಮುರಿದಿದೆ ಎಂದು ಸಾಧಿಸುವುದು ಬೇರೆ, ಆ ದೇಶದೊಳಗೆ ರಫ್ತು ಪರವಾನಗಿಗೆ ಸಹಿ ಹಾಕಿಸುವುದು ಬೇರೆ. ಭಾರತದ ವಾದ ಬಲವಾದದ್ದೇ ಆಗಿತ್ತು ಎಂದು ನಾನು ತಿಳಿಯುತ್ತೇನೆ. ಆದರೆ ಆ ವಾದದಿಂದ ಒಂದು ಕಿಲೋ ಇಂಧನವೂ ಹೆಚ್ಚಾಗಿ ಬರಲಿಲ್ಲ.

ಪಠ್ಯದಲ್ಲಿ ಇರುವುದು, ಇಲ್ಲದಿರುವುದು

2008ರ ಅಕ್ಟೋಬರ್ 10ರಂದು ಆಗಿನ ವಿದೇಶಾಂಗ ಸಚಿವ ಪ್ರಣವ್ ಮುಖರ್ಜಿ ಮತ್ತು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಸಾ ರೈಸ್ ಸಹಿ ಹಾಕಿದ, ಅದೇ ಡಿಸೆಂಬರ್ 6ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರತಿಯೊಂದು ಸೂಕ್ಷ್ಮ ವಾಕ್ಯದ ಹಿಂದೆಯೂ ಈ ಅನುಭವವಿದೆ. 5ನೇ ವಿಧಿಯ 6ನೇ ಖಂಡದಲ್ಲಿ, ಭಾರತ ತನ್ನ ರಿಯಾಕ್ಟರುಗಳ ಜೀವಿತಾವಧಿಗೆ ಬೇಕಾಗುವ ಇಂಧನದ ಕಾರ್ಯತಂತ್ರ ದಾಸ್ತಾನು ಮಾಡಿಕೊಳ್ಳುವುದನ್ನು ಅಮೆರಿಕ ಬೆಂಬಲಿಸುತ್ತದೆ. ಅಷ್ಟಾದರೂ ಪೂರೈಕೆ ಕಡಿದುಹೋದರೆ ರಷ್ಯಾ, ಫ್ರಾನ್ಸ್, ಬ್ರಿಟನ್‌ನಂತಹ ಸ್ನೇಹಪರ ದೇಶಗಳ ಗುಂಪನ್ನು ಎರಡೂ ದೇಶಗಳು ಸೇರಿ ಕರೆದು ಪೂರೈಕೆಯನ್ನು ಮತ್ತೆ ನಡೆಸಲು ಯತ್ನಿಸುತ್ತವೆ ಎಂದಿದೆ. 6ನೇ ವಿಧಿ ಮರುಸಂಸ್ಕರಣೆಗೆ ಮುಂಗಡ ಒಪ್ಪಿಗೆ ಕೊಡುತ್ತದೆ, ಆದರೆ ಐಎಇಎ ನಿಗಾದ ಹೊಸ ರಾಷ್ಟ್ರೀಯ ಘಟಕವೊಂದನ್ನು ಭಾರತ ಕಟ್ಟಬೇಕೆಂಬ ಷರತ್ತಿನ ಮೇಲೆ. ಅದರ ಕಾರ್ಯವಿಧಾನಕ್ಕೆ 2010ರ ಜುಲೈನಲ್ಲಿ ಪ್ರತ್ಯೇಕ ಸಹಿಯಾಯಿತು.

ಈಗ ಕಾನೂನಿನ ಕಣ್ಣಿನಿಂದ ನೋಡೋಣ. 'ಬೆಂಬಲಿಸುತ್ತದೆ', 'ಯತ್ನಿಸುತ್ತದೆ' ಎಂಬ ಮಾತುಗಳಿಂದ ಹುಟ್ಟುವುದು ನಡತೆಯ ಹೊಣೆ, ಫಲಿತಾಂಶದ ಹೊಣೆಯಲ್ಲ. ಪ್ರಾಮಾಣಿಕವಾಗಿ ಯತ್ನಿಸಿದೆ ಎಂದು ತೋರಿಸಿದರೆ ಹೊಣೆ ತೀರಿತು, ಇಂಧನ ಬರದಿದ್ದರೂ. ಹಾಗೆಂದು ಆ ಖಂಡಕ್ಕೆ ಕಾನೂನಿನ ಬೆಲೆಯೇ ಇಲ್ಲ ಎಂಬ ಬುಷ್ ಪತ್ರದ ಮಾತನ್ನೂ ಒಪ್ಪಲಾಗದು. ಜಾರಿಗೆ ಬಂದ ಒಪ್ಪಂದವೊಂದರ ಕಾರ್ಯಕಾರಿ ವಿಧಿಯೊಳಗೆ ಬರೆದ ವಾಕ್ಯ, ಅದನ್ನು ಬರೆದವರೇ ಆಮೇಲೆ ರಾಜಕೀಯ ಎಂದು ಕರೆದದ್ದರಿಂದ ಒಪ್ಪಂದದ ಹೊರಗೆ ಹೋಗುವುದಿಲ್ಲ. ಒಪ್ಪಂದಗಳನ್ನು ಸದ್ಭಾವನೆಯಿಂದ, ಅವುಗಳ ಪದಗಳ ಸಹಜ ಅರ್ಥದಲ್ಲಿ, ಸಂದರ್ಭ ಮತ್ತು ಉದ್ದೇಶವನ್ನು ಗಮನದಲ್ಲಿಟ್ಟು ಓದಬೇಕೆಂಬುದು 1969ರ ವಿಯೆನ್ನಾ ಒಡಂಬಡಿಕೆಯ 31ನೇ ವಿಧಿ ಹೇಳುವ ನಿಯಮ. ಭಾರತ ಆ ಒಡಂಬಡಿಕೆಯ ಸದಸ್ಯನಲ್ಲ, ಅಮೆರಿಕ 1970ರಲ್ಲಿ ಸಹಿ ಹಾಕಿಯೂ ಅನುಮೋದಿಸಿಲ್ಲ. ಆದರೂ ಅದರ ಮುಖ್ಯ ನಿಯಮಗಳು ರೂಢಿಗತ ಅಂತರರಾಷ್ಟ್ರೀಯ ಕಾನೂನೆಂದು ಮಾನ್ಯವಾಗಿರುವುದರಿಂದ ಇಬ್ಬರಿಗೂ ಅನ್ವಯಿಸುತ್ತವೆ. ಒಬ್ಬ ಪಕ್ಷಕಾರ ತನ್ನ ಸಂಸತ್ತಿಗೆ ಬರೆದ ಪತ್ರ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ಪಠ್ಯದ ಅರ್ಥವನ್ನು ತಿದ್ದಲಾರದು.

ಆದರೆ ಅಮೆರಿಕದ ಒಳಗೆ ಆ ಪತ್ರಕ್ಕೆ ಬೇರೆಯೇ ತೂಕವಿದೆ. ಒಪ್ಪಂದವನ್ನು ಅನುಮೋದಿಸಿ 2008ರ ಅಕ್ಟೋಬರ್ 8ರಂದು ಜಾರಿಯಾದ ಕಾಯ್ದೆಯಲ್ಲಿ, ಅಧ್ಯಕ್ಷರೂ ಅವರ ಪ್ರತಿನಿಧಿಗಳೂ ಸಂಸತ್ತಿಗೆ ಕೊಟ್ಟ ಅಧಿಕೃತ ವಿವರಣೆಗಳಲ್ಲಿರುವ ಅರ್ಥವೇ ಈ ಒಪ್ಪಂದಕ್ಕಿದೆ ಎಂಬುದು ತನ್ನ ತಿಳಿವಳಿಕೆಯೆಂದು ಸಂಸತ್ತು ಘೋಷಿಸಿಕೊಂಡಿತು. ಅಂಥ ವಿವರಣೆಗಳಲ್ಲಿ ಒಂದು, ಭಾರತ ಪರಮಾಣು ಪರೀಕ್ಷೆ ನಡೆಸಿದರೆ ಅದರ ಪರಿಣಾಮಗಳಿಂದ ಕಾಪಾಡಲು ಇಂಧನದ ಭರವಸೆಗಳು ಉದ್ದೇಶಿತವಾಗಿಲ್ಲ ಎಂದು ವಿದೇಶಾಂಗ ಇಲಾಖೆ ಕೊಟ್ಟಿದ್ದ ಲಿಖಿತ ಉತ್ತರ. ಪ್ರತಿನಿಧಿ ಸಭೆಯ ವಿದೇಶಾಂಗ ಸಮಿತಿಯ ಅಧ್ಯಕ್ಷ ಹೊವರ್ಡ್ ಬರ್ಮನ್ ಅದನ್ನು ಆ ವರ್ಷದ ಸೆಪ್ಟೆಂಬರ್ ಆರಂಭದಲ್ಲಿ ಬಹಿರಂಗಪಡಿಸಿದ್ದರು. ಕಾಯ್ದೆಗೆ ಸಹಿ ಹಾಕುವಾಗ ಬುಷ್, ಒಪ್ಪಂದದಲ್ಲಿ ದಾಖಲಾದ ಇಂಧನ ಭರವಸೆಗಳನ್ನು ಈ ಕಾಯ್ದೆ ಬದಲಿಸುವುದಿಲ್ಲ ಎಂದರು. ದೆಹಲಿಗೆ ಅದು ಸಮಾಧಾನ ತಂದಿತು. ಭರವಸೆಗಳು ಬದಲಾಗಿಲ್ಲ ಎಂಬುದು ಸರಿಯೇ. ಅವು ಯಾವ ಬಗೆಯ ಭರವಸೆಗಳು ಎಂಬುದನ್ನು ಆ ಸಹಿಯ ಹೇಳಿಕೆ ಮುಟ್ಟಲಿಲ್ಲ.

ದೇಶದ ಕಾನೂನು ಮತ್ತು ಒಪ್ಪಂದ ಡಿಕ್ಕಿ ಹೊಡೆದಾಗ

ಒಂದು ದೇಶ ತನ್ನ ಆಂತರಿಕ ಕಾನೂನನ್ನು ಮುಂದಿಟ್ಟು ಒಪ್ಪಂದ ಪಾಲಿಸದಿರುವುದನ್ನು ಸಮರ್ಥಿಸಿಕೊಳ್ಳುವಂತಿಲ್ಲ ಎಂಬುದು ವಿಯೆನ್ನಾ ಒಡಂಬಡಿಕೆಯ 27ನೇ ವಿಧಿ. ಅಮೆರಿಕವು 1985ರಲ್ಲಿ ಚೀನಾದೊಡನೆ ಮಾಡಿಕೊಂಡ 123 ಒಪ್ಪಂದದಲ್ಲಿ ಈ ತತ್ತ್ವವನ್ನು ಎರಡೂ ಕಡೆಯವರು ಮಾನ್ಯ ಮಾಡುತ್ತಾರೆ ಎಂದು ಬರೆದೇ ಇಡಲಾಗಿದೆ. ಭಾರತದ ಒಪ್ಪಂದದಲ್ಲಿ ಅಂಥ ವಾಕ್ಯವಿಲ್ಲ. ಬದಲಿಗೆ, ಪ್ರತಿಯೊಂದು ಪಕ್ಷವೂ ತನಗೆ ಅನ್ವಯವಾಗುವ ಒಪ್ಪಂದಗಳು, ರಾಷ್ಟ್ರೀಯ ಕಾನೂನುಗಳು, ನಿಯಮಗಳು ಮತ್ತು ಪರವಾನಗಿ ಷರತ್ತುಗಳಿಗೆ ಅನುಗುಣವಾಗಿ ಇದನ್ನು ಜಾರಿಗೊಳಿಸತಕ್ಕದ್ದು ಎಂದು 2ನೇ ವಿಧಿ ಹೇಳುತ್ತದೆ. ಸದ್ಭಾವನೆಯಿಂದ ಮತ್ತು ಅಂತರರಾಷ್ಟ್ರೀಯ ಕಾನೂನಿನ ತತ್ತ್ವಗಳಿಗೆ ಅನುಸಾರವಾಗಿ ಜಾರಿಗೊಳಿಸತಕ್ಕದ್ದು ಎಂದು 16ನೇ ವಿಧಿ ಹೇಳುತ್ತದೆ. ಟೀಕಾಕಾರರು 2ನೇ ವಿಧಿಯನ್ನು ಹಿಡಿದರು, ಸರ್ಕಾರ 16ನೇ ವಿಧಿಯನ್ನು ಹಿಡಿಯಿತು. ಚೀನಾದ ವಾಕ್ಯ ಇಲ್ಲದಿರುವುದು ಘಾತಕವಲ್ಲ, ಏಕೆಂದರೆ ಆ ತತ್ತ್ವ ಬರೆಯದಿದ್ದರೂ ಅನ್ವಯಿಸುತ್ತದೆ. ಆದರೆ 2ನೇ ವಿಧಿಯಿಂದಾಗಿ ಹೈಡ್ ಕಾಯ್ದೆಯೂ ಅಮೆರಿಕ ಈ ಒಪ್ಪಂದವನ್ನು ಜಾರಿಗೊಳಿಸುವ ವಿಧಾನದ ಭಾಗವಾಗುತ್ತದೆ ಎಂಬ ವಾದಕ್ಕೆ ನೆಲೆ ಸಿಗುತ್ತದೆ. ಅಮೆರಿಕದ ಮಂಜೂರಿಯನ್ನೇ ನಂಬಿ ಕೂತ ಪಕ್ಷಕ್ಕೆ ಇದು ಸಣ್ಣ ವಿಷಯವಲ್ಲ.

ಅಮೆರಿಕದ ಸಂವಿಧಾನದ ಒಳಗೆ ಸಂಗತಿ ಇನ್ನೂ ನೇರವಾಗಿದೆ. ಅಲ್ಲಿ ಒಪ್ಪಂದವೂ ಸಂಸತ್ತಿನ ಕಾಯ್ದೆಯೂ ಒಂದೇ ದರ್ಜೆಯವು. ಎರಡರ ನಡುವೆ ವಿರೋಧ ಬಂದರೆ ನಂತರ ಬಂದದ್ದು ಮೇಲುಗೈ ಪಡೆಯುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿರುವ ನಿಯಮ. ಹಾಗಾದರೆ 2006ರ ಹೈಡ್ ಕಾಯ್ದೆಯ ಮೇಲೆ 2008ರ ಒಪ್ಪಂದ ಗೆಲ್ಲಬೇಕಲ್ಲವೇ? ಈ ವಾದವನ್ನು ಭಾರತದಲ್ಲಿ ಕೆಲವರು ಗಂಭೀರವಾಗಿಯೇ ಮುಂದಿಟ್ಟರು. ಅದು ನಿಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ, ಏಕೆಂದರೆ ಒಪ್ಪಂದವನ್ನು ಅನುಮೋದಿಸಿದ 2008ರ ಕಾಯ್ದೆಯೇ, ಇದು ಪರಮಾಣು ಶಕ್ತಿ ಕಾಯ್ದೆಗೂ ಹೈಡ್ ಕಾಯ್ದೆಗೂ ಒಳಪಟ್ಟಿದೆ ಎಂಬ ನೆಲೆಯಲ್ಲಿ ಅನುಮೋದಿಸಿದೆ. ಕೊನೆಯಲ್ಲಿ ಬಂದದ್ದು ಬರೀ ಒಪ್ಪಂದವಲ್ಲ, ಷರತ್ತು ಹೊತ್ತ ಅನುಮೋದನೆ.

ಹೈಡ್ ಕಾಯ್ದೆಯ ಎಲ್ಲ ಭಾಗಗಳಿಗೂ ಒಂದೇ ಬಲವಿಲ್ಲ ಎಂಬುದನ್ನು ನಮ್ಮ ಚರ್ಚೆ ಬಹಳ ಸಲ ಮರೆಯಿತು. ಇರಾನ್ ವಿಷಯದಲ್ಲಿ ಭಾರತ ಅಮೆರಿಕದ ಜೊತೆ ನಿಲ್ಲುವಂತೆ ಮಾಡಬೇಕೆಂಬ, ಇಲ್ಲಿ ಅತಿ ಹೆಚ್ಚು ಸಿಟ್ಟು ಹುಟ್ಟಿಸಿದ ಮಾತು ಇರುವುದು 103ನೇ ಸೆಕ್ಷನ್ನಿನ ನೀತಿ ಹೇಳಿಕೆಗಳಲ್ಲಿ. ಅವನ್ನು ಕೇವಲ ಸಲಹೆಯೆಂದು ಪರಿಗಣಿಸುವುದಾಗಿ ಬುಷ್ ಸಹಿ ಹಾಕುವಾಗಲೇ ಹೇಳಿದ್ದರು. ಅದಕ್ಕೆ ಹೋಲಿಸಿದರೆ 106ನೇ ಸೆಕ್ಷನ್ ಚಿಕ್ಕದು, ಆದರೆ ಹಲ್ಲಿರುವುದು ಅದಕ್ಕೇ: ಕಾಯ್ದೆ ಜಾರಿಯಾದ ಮೇಲೆ ಭಾರತ ಪರಮಾಣು ಸ್ಫೋಟ ನಡೆಸಿದರೆ ವಿನಾಯಿತಿಯೇ ನಿಂತುಹೋಗುತ್ತದೆ.

ಪರೀಕ್ಷೆಯ ಪ್ರಶ್ನೆ ಇಲ್ಲಿಂದಲೇ ಬರುತ್ತದೆ. 123 ಒಪ್ಪಂದದ ಪಠ್ಯದಲ್ಲಿ ಪರಮಾಣು ಪರೀಕ್ಷೆಯ ಉಲ್ಲೇಖವೇ ಇಲ್ಲ. ಪರೀಕ್ಷೆ ನಡೆಸುವ ಭಾರತದ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ ಎಂದು ಮನಮೋಹನ್ ಸಿಂಗ್ 2007ರಲ್ಲಿ ಸಂಸತ್ತಿಗೆ ಹೇಳಿದ್ದು ಅಕ್ಷರಶಃ ಸರಿ. ಆದರೆ 14ನೇ ವಿಧಿಯಂತೆ ಯಾವ ಪಕ್ಷವಾದರೂ ಕಾರಣ ನೀಡಿ ಒಂದು ವರ್ಷದ ಲಿಖಿತ ನೋಟಿಸಿನ ಮೇಲೆ ಒಪ್ಪಂದವನ್ನು ಕೊನೆಗೊಳಿಸಬಹುದು. ಒಪ್ಪಿತ ಪರಿಹಾರ ಸಾಧ್ಯವಿಲ್ಲವೆಂದು ಕಂಡರೆ ಸಹಕಾರವನ್ನು ಅದಕ್ಕೂ ಮೊದಲೇ ನಿಲ್ಲಿಸಬಹುದು. ತಾನು ಕೊಟ್ಟ ವಸ್ತು, ಉಪಕರಣಗಳನ್ನು ಹಿಂದಕ್ಕೆ ಕೇಳಬಹುದು. ಭಾರತ ಗಳಿಸಿದ್ದು ಇದರ ವೇಗಕ್ಕೆ ಹಾಕಿಸಿದ ಕಡಿವಾಣ. ಮೊದಲು ಸಮಾಲೋಚನೆ ನಡೆಸಬೇಕು. ಬದಲಾದ ಭದ್ರತಾ ಪರಿಸ್ಥಿತಿಯಿಂದಲೋ ಬೇರೆ ದೇಶಗಳ ಅಂಥದೇ ಕ್ರಮಗಳಿಂದಲೋ ಈ ಸಂದರ್ಭ ಬಂದಿದೆಯೇ ಎಂದು ಪರಿಗಣಿಸಬೇಕು. ರಿಯಾಕ್ಟರುಗಳು ನಿಲ್ಲದೆ ನಡೆಯುವುದರ ಮಹತ್ತ್ವವನ್ನು ಗಮನಿಸಬೇಕು. ಹಿಂದಕ್ಕೆ ಒಯ್ದದ್ದಕ್ಕೆ ಮಾರುಕಟ್ಟೆಯ ನ್ಯಾಯವಾದ ಬೆಲೆ ಕೊಡಬೇಕು. ಬದಲಾದ ಭದ್ರತಾ ಪರಿಸ್ಥಿತಿ ಎಂಬ ಮಾತು ಪಾಕಿಸ್ತಾನ ಅಥವಾ ಚೀನಾ ಮೊದಲು ಪರೀಕ್ಷಿಸಿದ ಸಂದರ್ಭಕ್ಕಾಗಿ ಬರೆದದ್ದೆಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಹಕ್ಕು ಉಳಿದಿದೆ, ಅದನ್ನು ಚಲಾಯಿಸಿದರೆ ತೆರಬೇಕಾದ ಬೆಲೆಯೂ ಉಳಿದಿದೆ. 1998ರ ಪರೀಕ್ಷೆಗಳಿಗೆ ಮೊದಲೂ ಸ್ಥಿತಿ ಹೀಗೆಯೇ ಇತ್ತು; ಈಗ ವ್ಯತ್ಯಾಸವೆಂದರೆ ಕಳೆದುಕೊಳ್ಳುವುದಕ್ಕೆ ನಮ್ಮ ಬಳಿ ಹೆಚ್ಚು ಇದೆ.

ಇದೇ ಪ್ರಶ್ನೆಯನ್ನು ಜಪಾನ್ ಬೇರೆ ರೀತಿಯಲ್ಲಿ ನಿಭಾಯಿಸಿತು. 2016ರ ನವೆಂಬರ್ 11ರ ಭಾರತ-ಜಪಾನ್ ಒಪ್ಪಂದದ ಜೊತೆಗೆ ಅಭಿಪ್ರಾಯಗಳ ಟಿಪ್ಪಣಿಯೊಂದಿದೆ; ಸ್ವಯಂ ವಿಧಿಸಿಕೊಂಡ ಪರೀಕ್ಷಾ ವಿರಾಮಕ್ಕೆ ಬದ್ಧರೆಂದು 2008ರ ಸೆಪ್ಟೆಂಬರ್ 5ರಂದು ಪ್ರಣವ್ ಮುಖರ್ಜಿ ನೀಡಿದ ಹೇಳಿಕೆಯೇ ಸಹಕಾರದ ಆಧಾರ, ಅದು ಮುರಿದರೆ ಒಪ್ಪಂದ ಕೊನೆಗೊಳಿಸುವ ಹಕ್ಕನ್ನು ಬಳಸುತ್ತೇವೆ ಎಂದು ಜಪಾನ್ ಅದರಲ್ಲಿ ದಾಖಲಿಸಿತು. ಭಾರತ ಅದನ್ನು ಸಂಧಾನಕಾರರ ಅಭಿಪ್ರಾಯದ ದಾಖಲೆಯೆಂದಷ್ಟೇ ಕರೆಯಿತು.

ನಮ್ಮ ಕಡೆಯ ಕಾನೂನು

ಅಮೆರಿಕದಲ್ಲಿ ಸಂಸತ್ತು ಎರಡು ಕಾಯ್ದೆಗಳನ್ನು ಮಾಡಬೇಕಾಗಿ ಬಂದರೆ, ಭಾರತದಲ್ಲಿ ಸಂಸತ್ತು ಒಪ್ಪಂದಕ್ಕೆ ಮತ ಹಾಕಲೇ ಇಲ್ಲ. 2008ರ ಜುಲೈ 22ರಂದು ಲೋಕಸಭೆಯಲ್ಲಿ 275-256ರಿಂದ ಗೆದ್ದದ್ದು ಸರ್ಕಾರದ ವಿಶ್ವಾಸಮತ. ಎಡಪಕ್ಷಗಳು ಬೆಂಬಲ ಹಿಂತೆಗೆದದ್ದರಿಂದ ಅದು ಬೇಕಾಯಿತು. ನಮ್ಮ ಸಂವಿಧಾನದಲ್ಲಿ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಪಟ್ಟಿಯ 14ನೇ ನಮೂದಿನ ವಿಷಯ. 73ನೇ ವಿಧಿಯಂತೆ ಸಂಸತ್ತಿನ ಶಾಸನಾಧಿಕಾರ ಹಬ್ಬಿರುವಷ್ಟೂ ಕೇಂದ್ರದ ಕಾರ್ಯಾಂಗದ ಅಧಿಕಾರ ಹಬ್ಬಿರುತ್ತದೆ. ಪ್ರಜೆಗಳ ಹಕ್ಕನ್ನು ಬದಲಿಸುವ ಅಥವಾ ದೇಶದ ಕಾನೂನನ್ನು ತಿದ್ದುವ ಅಗತ್ಯ ಬಿದ್ದಾಗ ಮಾತ್ರ ಒಪ್ಪಂದದ ಜಾರಿಗೆ ಶಾಸನ ಬೇಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1969ರಲ್ಲಿ ಕಛ್ ಗಡಿ ತೀರ್ಪಿಗೆ ಸಂಬಂಧಿಸಿದ ಮಗನ್‌ಭಾಯಿ ಪಟೇಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂಥ ಶಾಸನಕ್ಕೆ 253ನೇ ವಿಧಿಯಿದೆ. ಹೀಗಾಗಿ ಸಂಸತ್ತಿನ ಒಪ್ಪಿಗೆಯಿಲ್ಲದ ಒಪ್ಪಂದ ಅಸಾಂವಿಧಾನಿಕ ಎಂಬ ಆರೋಪಕ್ಕೆ ಕಾನೂನಿನಲ್ಲಿ ಆಧಾರವಿರಲಿಲ್ಲ. ಇಷ್ಟು ದೊಡ್ಡ ನಿರ್ಧಾರಕ್ಕೆ ಸದನದ ಒಪ್ಪಿಗೆ ಬೇಡವೆನ್ನುವ ವ್ಯವಸ್ಥೆ ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ, ನನಗೆ ಅದು ಒಳ್ಳೆಯದೆನಿಸುವುದಿಲ್ಲ.

ತಮಾಷೆಯೆಂದರೆ, ಒಪ್ಪಂದದ ಫಲವನ್ನು ಹಲವು ವರ್ಷ ತಡೆದು ನಿಲ್ಲಿಸಿದ್ದು ಹೈಡ್ ಕಾಯ್ದೆಯಲ್ಲ, ಭಾರತದ್ದೇ ಒಂದು ಕಾಯ್ದೆ. 2008ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ್ ಮೆನನ್ ಅವರು ಅಮೆರಿಕಕ್ಕೆ ಬರೆದ ಪತ್ರದಲ್ಲಿ, ಕನಿಷ್ಠ 10,000 ಮೆಗಾವ್ಯಾಟ್ ಸಾಮರ್ಥ್ಯದ ಅಮೆರಿಕನ್ ರಿಯಾಕ್ಟರುಗಳನ್ನು ಕೊಳ್ಳುವ, ಅಪಘಾತ ಪರಿಹಾರದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವ ಇಂಗಿತ ವ್ಯಕ್ತಪಡಿಸಿದ್ದರು. ಅಂದರೆ ರಾಜಕೀಯ ಭರವಸೆ ಕೊಟ್ಟದ್ದು ಅಮೆರಿಕವೊಂದೇ ಅಲ್ಲ. ಆದರೆ ಭೋಪಾಲ್ ದುರಂತದ ನೆನಪು ಇನ್ನೂ ಆರದ ದೇಶದಲ್ಲಿ 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆ ರೂಪುಗೊಂಡಾಗ, ಅದರ 17ನೇ ಸೆಕ್ಷನ್ ದೋಷಯುಕ್ತ ಉಪಕರಣ ಕೊಟ್ಟ ಪೂರೈಕೆದಾರನಿಂದಲೂ ಪರಿಹಾರ ವಸೂಲು ಮಾಡುವ ಹಕ್ಕನ್ನು ಸ್ಥಾವರದ ನಿರ್ವಾಹಕನಿಗೆ ಕೊಟ್ಟಿತು. ನಿರ್ವಾಹಕನ ಹೊಣೆಗೆ 1,500 ಕೋಟಿ ರೂಪಾಯಿಯ ಮಿತಿಯಿತ್ತು. ಭಾರತ 2016ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ಒಡಂಬಡಿಕೆಯಾದರೋ ಅಂಥ ವಸೂಲಿಗೆ ಎಡೆಕೊಡುವುದು ಕರಾರಿನಲ್ಲಿ ಬರೆದಿದ್ದರೆ ಅಥವಾ ಹಾನಿ ಉದ್ದೇಶಪೂರ್ವಕವಾಗಿದ್ದರೆ ಮಾತ್ರ. ಅಮೆರಿಕದ ಕಂಪನಿಗಳು ಹಿಂಜರಿದವು. ಆಂಧ್ರದ ಕೊವ್ವಾಡದಲ್ಲಿ ಆರು ಅಮೆರಿಕನ್ ರಿಯಾಕ್ಟರುಗಳ ಯೋಜನೆ ಮಾತುಕತೆಯಲ್ಲೇ ಉಳಿಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, ಶಾಂತಿ ಎಂಬ ಸಂಕ್ಷಿಪ್ತ ಹೆಸರಿನ ಕಾಯ್ದೆ 1962ರ ಪರಮಾಣು ಶಕ್ತಿ ಕಾಯ್ದೆಯನ್ನೂ 2010ರ ಹೊಣೆಗಾರಿಕೆ ಕಾಯ್ದೆಯನ್ನೂ ರದ್ದುಮಾಡಿ, ದೋಷಯುಕ್ತ ಪೂರೈಕೆಯ ಆ ಅಂಶವನ್ನು ಕೈಬಿಟ್ಟಿತು.

ಚೌಕಟ್ಟು ಮಾತ್ರ ಎಂಬ ಮಾತಿನ ವ್ಯಾವಹಾರಿಕ ಅರ್ಥ ಇತ್ತೀಚೆಗೆ ಇನ್ನೊಮ್ಮೆ ಕಾಣಿಸಿತು. 2025ರ ಮಾರ್ಚ್‌ನಲ್ಲಿ ಹೋಲ್ಟೆಕ್ ಎಂಬ ಅಮೆರಿಕನ್ ಕಂಪನಿಗೆ ಸಣ್ಣ ರಿಯಾಕ್ಟರುಗಳ ತಂತ್ರಜ್ಞಾನವನ್ನು ಭಾರತದ ಮೂರು ಕಂಪನಿಗಳಿಗೆ ಕೊಡಲು ಅಲ್ಲಿನ ಇಂಧನ ಇಲಾಖೆಯಿಂದ ಪ್ರತ್ಯೇಕ ಅನುಮತಿ ಬೇಕಾಯಿತು. ಒಪ್ಪಂದ ಜಾರಿಯಾಗಿ ಹದಿನಾರು ವರ್ಷ ಕಳೆದಿತ್ತು.

ಕೈಗಾ ಏಕೆ ಹೊರಗಿದೆ

123 ಒಪ್ಪಂದ ಒಂಟಿಯಾಗಿ ನಿಲ್ಲುವುದಿಲ್ಲ. ಐಎಇಎ ಜೊತೆಗಿನ ನಿಗಾ ಒಪ್ಪಂದ ಮತ್ತು ಪರಮಾಣು ರಫ್ತಿಗೆ ನಿಯಮ ರೂಪಿಸುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪಿನ ವಿನಾಯಿತಿ ಅದರ ಎರಡು ಆಸರೆಗಳು. 2008ರ ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ ಆಗ 45 ದೇಶಗಳಿದ್ದ ಆ ಗುಂಪು ಕೊಟ್ಟ ವಿನಾಯಿತಿಯೇ, ನನ್ನ ಲೆಕ್ಕದಲ್ಲಿ, ಇಡೀ ಪ್ರಕರಣದ ನಿಜವಾದ ಗಳಿಕೆ. ಅದರ ಬಲದಿಂದಲೇ ರಷ್ಯಾ, ಕಜಾಕಸ್ತಾನ, ಕೆನಡಾದಂಥ ದೇಶಗಳ ಯುರೇನಿಯಂ ನಮ್ಮ ರಿಯಾಕ್ಟರುಗಳಿಗೆ ಬಂದಿತು. ವಿಚಿತ್ರವೆಂದರೆ ಕಾನೂನಿನ ಅಳತೆಯಲ್ಲಿ ಮೂರರಲ್ಲೂ ದುರ್ಬಲವಾದದ್ದು ಅದೇ: ಆ ಗುಂಪು ಒಪ್ಪಂದದಿಂದ ಹುಟ್ಟಿದ್ದಲ್ಲ, ಅದರ ಮಾರ್ಗಸೂಚಿಗಳು ಸದಸ್ಯರ ರಾಜಕೀಯ ಬದ್ಧತೆಗಳು. 2011ರಲ್ಲಿ ಗುಂಪು ಸಮೃದ್ಧೀಕರಣ ಮತ್ತು ಮರುಸಂಸ್ಕರಣೆಯ ತಂತ್ರಜ್ಞಾನಕ್ಕೆ ಹೊಸ ನಿರ್ಬಂಧ ಹಾಕಿದಾಗ, ಅದು 2008ರ ವಿನಾಯಿತಿಯನ್ನು ಕೊರೆಯುತ್ತದೆ ಎಂದು ಭಾರತ ಆಕ್ಷೇಪಿಸಬಹುದಿತ್ತೇ ಹೊರತು ಎಲ್ಲಿಯೂ ದಾವೆ ಹೂಡುವಂತಿರಲಿಲ್ಲ.

ನಿಗಾ ಒಪ್ಪಂದ ಹಾಗಲ್ಲ, ಅದು ಗಟ್ಟಿ. ನಾಗರಿಕ ಮತ್ತು ಸೈನಿಕ ಘಟಕಗಳನ್ನು ಬೇರ್ಪಡಿಸುವ ಪ್ರತ್ಯೇಕತಾ ಯೋಜನೆಯಂತೆ ಆಗ ಓಡುತ್ತಿದ್ದ ಮತ್ತು ಕಟ್ಟಲಾಗುತ್ತಿದ್ದ 22 ರಿಯಾಕ್ಟರುಗಳಲ್ಲಿ 14ನ್ನು ಭಾರತ ನಾಗರಿಕ ಪಟ್ಟಿಗೆ ಸೇರಿಸಿ ಶಾಶ್ವತ ನಿಗಾಕ್ಕೆ ಒಪ್ಪಿಸಿತು. ಉಳಿದ ಎಂಟರಲ್ಲಿ ನಾಲ್ಕು ಉತ್ತರ ಕನ್ನಡದ ಕೈಗಾದವು. ಮೈಸೂರಿನ ಬಳಿಯ ರಟ್ಟೆಹಳ್ಳಿಯ ಸಮೃದ್ಧೀಕರಣ ಘಟಕವೂ ನಿಗಾದ ಹೊರಗೇ ಇದೆ. ಇದರ ನೇರ ಪರಿಣಾಮವೆಂದರೆ, ನಿಗಾದ ಷರತ್ತಿನ ಮೇಲೆ ಬರುವ ವಿದೇಶಿ ಯುರೇನಿಯಂ ಕೈಗಾದ ಈ ನಾಲ್ಕು ಘಟಕಗಳಿಗೆ ಹೋಗುವಂತಿಲ್ಲ. ಅವು ದೇಶದೊಳಗೆ ಅಗೆದ ಯುರೇನಿಯಂ ಮೇಲೆಯೇ ನಡೆಯಬೇಕು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ಕೊನೆಗೊಂಡಂತೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು ಆ ಇಂಧನದಿಂದಲೇ. ವಿದೇಶಿ ಇಂಧನ ನಾಗರಿಕ ಪಟ್ಟಿಯ ರಿಯಾಕ್ಟರುಗಳ ಹಸಿವನ್ನು ತೀರಿಸಿದ್ದರಿಂದ ದೇಶೀಯ ಯುರೇನಿಯಂ ಇವುಗಳ ಪಾಲಿಗೆ ಉಳಿಯಿತು ಎಂದು ಹೇಳುವುದು ತಪ್ಪಾಗಲಾರದು. ಒಪ್ಪಂದವನ್ನು ಅಮೆರಿಕದಲ್ಲಿ ವಿರೋಧಿಸಿದವರ ಮುಖ್ಯ ದೂರೂ ಇದೇ ಆಗಿತ್ತು, ಉಳಿದ ಯುರೇನಿಯಂ ಅಸ್ತ್ರಗಳಿಗೂ ಹೋಗಬಹುದಲ್ಲ ಎಂದು.

ವಿದೇಶಿ ಇಂಧನ ಕಡಿದುಹೋದರೆ ಭಾರತ ಸರಿಪಡಿಸುವ ಕ್ರಮಗಳನ್ನು ಕೈಗೊಳ್ಳಬಹುದು ಎಂಬ ಮಾತು ನಿಗಾ ಒಪ್ಪಂದದಲ್ಲಿದೆ, ಆದರೆ ಅದರ ಪೀಠಿಕೆಯಲ್ಲಿ. ಆ ಕ್ರಮಗಳು ಯಾವುವು ಎಂದು ಎಲ್ಲಿಯೂ ವಿವರಿಸಿಲ್ಲ. ಪೀಠಿಕೆ ಒಪ್ಪಂದವನ್ನು ಅರ್ಥೈಸಲು ನೆರವಾಗುತ್ತದೆ, ಸ್ವತಃ ಹಕ್ಕನ್ನು ಹುಟ್ಟಿಸುವುದು ಅಪರೂಪ. ಒಂದು ಘಟಕವನ್ನು ನಿಗಾದಿಂದ ಹೊರತೆಗೆಯುವ ಬಗ್ಗೆ ಕಾರ್ಯಕಾರಿ ಭಾಗದಲ್ಲಿರುವ ನಿಯಮವೋ ಬಿಗಿಯಾಗಿದೆ: ಆ ಘಟಕ ಪರಮಾಣು ಚಟುವಟಿಕೆಗೆ ಇನ್ನು ಬಳಕೆಯಾಗದು ಎಂದು ಭಾರತ ಮತ್ತು ಐಎಇಎ ಜಂಟಿಯಾಗಿ ತೀರ್ಮಾನಿಸಬೇಕು.

ಇನ್ನು, ಭಾರತ ಮತ್ತು ಅಮೆರಿಕದ ನಡುವೆ 123 ಒಪ್ಪಂದದ ಅರ್ಥದ ಬಗ್ಗೆ ವಿವಾದ ಎದ್ದರೆ ತೀರ್ಮಾನಿಸುವವರು ಯಾರು? 15ನೇ ವಿಧಿ ಮಾತುಕತೆಯನ್ನಷ್ಟೇ ಸೂಚಿಸುತ್ತದೆ. ಪಂಚಾಯಿತಿಯಾಗಲಿ ನ್ಯಾಯಮಂಡಳಿಯಾಗಲಿ ಅದರಲ್ಲಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯ ವ್ಯಾಪ್ತಿಯಿಂದ ಅಮೆರಿಕ 1986ರಲ್ಲೇ ಹೊರಬಂದಿದೆ. ಹೀಗಾಗಿ 2008ರ ಎರಡು ವ್ಯಾಖ್ಯಾನಗಳಲ್ಲಿ ಯಾವುದು ಸರಿಯೆಂದು ಹೇಳುವ ಅಧಿಕಾರ ಯಾವ ಪೀಠಕ್ಕೂ ಇಲ್ಲ.

ಒಪ್ಪಂದದ ಮೊದಲ ಅವಧಿ 40 ವರ್ಷ, 2048ರ ಡಿಸೆಂಬರ್‌ವರೆಗೆ. ಯಾರೂ ಬೇಡವೆನ್ನದಿದ್ದರೆ ಆಮೇಲೆ ಹತ್ತು ಹತ್ತು ವರ್ಷ ಮುಂದುವರಿಯುತ್ತದೆ. ಅದು ಯಾವ ಕಾರಣದಿಂದ ಕೊನೆಗೊಂಡರೂ ಅದರಡಿ ಬಂದ ವಸ್ತು ದೇಶದಲ್ಲಿರುವವರೆಗೆ ಕೆಲವು ವಿಧಿಗಳು ಉಳಿಯುತ್ತವೆ ಎಂದು 16ನೇ ವಿಧಿ ಪಟ್ಟಿ ಕೊಟ್ಟಿದೆ. ಶಾಂತಿಯುತ ಬಳಕೆಯ ಷರತ್ತು, ಐಎಇಎ ನಿಗಾ, ಮರುಸಂಸ್ಕರಣೆಯ ನಿಯಮಗಳು ಆ ಪಟ್ಟಿಯಲ್ಲಿವೆ. 5ನೇ ವಿಧಿಯ 6ನೇ ಖಂಡದಿಂದ ಅಲ್ಲಿ ಸ್ಥಾನ ಪಡೆದಿರುವುದು ಮೂರನೇ ಉಪಖಂಡ ಮಾತ್ರ, ಅಂದರೆ ಭಾರತದ ನಿಗಾದ ಹೊಣೆ ಮತ್ತು ಸರಿಪಡಿಸುವ ಕ್ರಮಗಳ ಮಾತು. ಇಂಧನ ಪೂರೈಕೆಯ ಭರವಸೆಗಳಿರುವ ಮೊದಲ ಎರಡು ಉಪಖಂಡಗಳು ಆ ಪಟ್ಟಿಯಲ್ಲಿಲ್ಲ.